ಕೌಬಾಯ್ ಬಂಡಿಯ ಹುಳಿ ಬನ್ನು, ಗರಟೆ ಕೆಂಡದಲ್ಲಿ

1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ಸೈನ್ಯದ ಹಳೇ ಬಂಡಿಯೊಂದರ ಹಿಂಬದಿಗೆ ಖಾನೆಗಳಿರುವ ಪೆಟ್ಟಿಗೆ ಜೋಡಿಸಿ ಅಡುಗೆ ಬಂಡಿ ಮಾಡಿಸಿದ. ತಿಂಗಳುಗಟ್ಟಲೆ ದನ ಹೊಡೆದುಕೊಂಡು ಹೋಗುವ ಕೌಬಾಯ್‌ಗಳಿಗೆ ಊಟ ಅಲ್ಲಿಂದಲೇ. ಅಂಗಡಿಯ ಈಸ್ಟ್ ಇಲ್ಲದ ಆ ಬಯಲಲ್ಲಿ ಬನ್ನು ಉಬ್ಬಿಸುತ್ತಿದ್ದುದು ಪೀಪಾಯಿಯಲ್ಲಿ ಕಾಪಿಟ್ಟ ಹುಳಿಹಿಟ್ಟು. ಬೇಯಿಸುತ್ತಿದ್ದುದು ಮೂರು ಕಾಲಿನ ಬೀಡಿನ ಪಾತ್ರೆಯಲ್ಲಿ, ಅಡಿಗೂ ಮುಚ್ಚಳದ ಮೇಲೂ ಕೆಂಡ ಹಾಕಿ. ನಮ್ಮ ಅಂಗಳದಲ್ಲೂ ಇದನ್ನು ಮಾಡಬಹುದು.

ಮೊದಲು ಹುಳಿಹಿಟ್ಟು. ಎಣ್ಣೆ ಪಸೆ ಹೋಗುವಂತೆ ತೊಳೆದ ಉಪ್ಪಿನಕಾಯಿ ಭರಣಿಯಲ್ಲಿ 100 ಗ್ರಾಂ ಗೋಧಿ ಹಿಟ್ಟು, 100 ಮಿಲಿ ಕುದಿಸಿ ಆರಿಸಿದ ನೀರು ಕಲಸಿ ಬಟ್ಟೆ ಕಟ್ಟಿ. ಬಿಗಿ ಮುಚ್ಚಳ ಬೇಡ, ಗಾಳಿ ಹೊರಹೋಗಬೇಕು. ದಿನಾ ಅರ್ಧ ತೆಗೆದು 50 ಗ್ರಾಂ ಹಿಟ್ಟು, 50 ಮಿಲಿ ನೀರು ಸೇರಿಸಿ. ಎರಡನೇ ದಿನ ಭರ್ರನೆ ಉಬ್ಬಿ ಮೂರನೇ ದಿನ ಸಪ್ಪಗಾದರೆ ಚೆಲ್ಲಬೇಡಿ. ಮೊದಲ ಉಬ್ಬು ಬ್ಯಾಕ್ಟೀರಿಯಾದ್ದು. ಹುಳಿ ಏರಿದಾಗ ಅವು ಅಡಗಿ ಈಸ್ಟ್ ಮೇಲೇಳುತ್ತದೆ. ಗುಲಾಬಿ ಬಣ್ಣ ಬಂದರೆ, ಬೂಸಲು ಹಿಡಿದರೆ ಮಾತ್ರ ಪೂರ್ತಿ ಎಸೆಯಿರಿ. ಹಿಟ್ಟು ಹಾಕಿದ ನಾಲ್ಕಾರು ಗಂಟೆಯಲ್ಲಿ ಎರಡು ಪಟ್ಟಾದರೆ ಹದವಾಯಿತು. ಕಾರವಾರ, ಕುಮಟಾದ ಸೆಕೆಗೆ ಇದು ಬೇಗ ಆಗುತ್ತದೆ. ಶಿರಸಿಯ ಚಳಿಗಾಲದಲ್ಲಿ ಭರಣಿಯನ್ನು ಬಚ್ಚಲ ಒಲೆಯ ಹತ್ತಿರ ಇಡಿ. ಬಂಡಿಯ ಅಡುಗೆಯವರು ಚಳಿ ರಾತ್ರಿ ಪೀಪಾಯಿಯನ್ನು ಹಾಸಿಗೆಯಲ್ಲೇ ಇಟ್ಟುಕೊಂಡು ಮಲಗುತ್ತಿದ್ದರಂತೆ.

250 ಗ್ರಾಂ ಮೈದಾಕ್ಕೆ ಒಂದು ಚಮಚ ಉಪ್ಪು, ಎರಡು ಚಮಚ ಸಕ್ಕರೆ, ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ, 50 ಗ್ರಾಂ ಗಟ್ಟಿ ತುಪ್ಪ ಉಜ್ಜಿ. ಅಲ್ಲಿ ಹಾಕುತ್ತಿದ್ದುದು ಹಂದಿ ಕೊಬ್ಬು. 200 ಗ್ರಾಂ ಹುಳಿಹಿಟ್ಟು, ಸುಮಾರು 100 ಮಿಲಿ ಹಾಲು ಹಾಕಿ ಒಟ್ಟುಗೂಡಿಸಿ, ಅಷ್ಟೇ. ಚಪಾತಿ ಹಿಟ್ಟಿನಂತೆ ನಾದಿದರೆ ಬನ್ನು ರಬ್ಬರಾಗುತ್ತದೆ. ಸೋಡಾ ಹೆಚ್ಚಾದರೆ ಹಳದಿ ಕಲೆ, ಸಾಬೂನಿನ ರುಚಿ. ಲಿಂಬೆ ಗಾತ್ರದ ಉಂಡೆಗಳನ್ನು ತುಪ್ಪ ಸವರಿದ ಬೀಡಿನ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ. ಬಿಡಿಬಿಡಿಯಾಗಿಟ್ಟರೆ ಮೇಲಕ್ಕೇಳದೆ ಅಗಲಕ್ಕೆ ಹರಡುತ್ತವೆ. ಮುಕ್ಕಾಲು ಗಂಟೆ ಬಿಡಿ.

ಕೆಡುವುದು ಹೆಚ್ಚಾಗಿ ಬೆಂಕಿಯಲ್ಲೇ. ಗರಟೆ ಉರಿದು ಜ್ವಾಲೆ ಅಡಗಿ ಬೂದಿ ಮುಸುಕಿದ ಕೆಂಡವೇ ಬೇಕು. ಪಾತ್ರೆಯನ್ನು ಮೂರು ಕಲ್ಲಿನ ಮೇಲೆ, ಕೆಂಡದಿಂದ ಎರಡು ಇಂಚು ಎತ್ತರಕ್ಕೆ ಕೂರಿಸಿ. ಕೆಳಗೆ ಒಂದು ಪಾಲು, ಮೇಲೆ ಎರಡು ಪಾಲು ಕೆಂಡ. ಕೆಳಗಿನದನ್ನು ನಡುವೆ ರಾಶಿ ಹಾಕದೆ ಅಂಚಿನ ಸುತ್ತ ಹರಡಿ, ಇಲ್ಲದಿದ್ದರೆ ತಳ ಕರಕಲಾಗಿ ಮೇಲ್ಭಾಗ ಬಿಳಿಚಿಕೊಂಡಿರುತ್ತದೆ. ಅಂಚು ಎದ್ದ ಮುಚ್ಚಳವಿಲ್ಲದಿದ್ದರೆ ತುಸು ತಗ್ಗಿರುವ ಬೀಡಿನ ಕಾವಲಿ ಮುಚ್ಚಿ. ಗರಟೆ ಕೆಂಡ ಬೇಗ ನಂದುವುದರಿಂದ ಪಕ್ಕದಲ್ಲಿ ಇನ್ನೊಂದು ರಾಶಿ ಉರಿಯುತ್ತಿರಲಿ. ಹತ್ತು ನಿಮಿಷಕ್ಕೆ ಮೇಲಿನದನ್ನು ಬದಲಿಸಿ, ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ. 20ರಿಂದ 25 ನಿಮಿಷ ಸಾಕು. ಮುಚ್ಚಳ ಓರೆಯಾಗಿ ಎತ್ತಿದರೆ ಬೂದಿಯೆಲ್ಲ ಬನ್ನಿನ ಮೇಲೆ, ಆದ್ದರಿಂದ ಇಕ್ಕಳದಲ್ಲಿ ನೇರಕ್ಕೆ ಎತ್ತಿ.

ಕೌಬಾಯ್‌ಗಳು ಇದಕ್ಕೆ ಕಾಕಂಬಿ ಹಚ್ಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಜೋನಿ ಬೆಲ್ಲ ಇರುವಾಗ ಅದನ್ನು ಹುಡುಕುವುದು ದಂಡ.