ಮಾಲ್ಡೀವ್ಸ್‌ಗೆ ಇಂಗ್ಲಿಷ್ ಟೀಚರ್ ಆಗಿ ಹೊರಟಿದ್ದೀರಾ? ಮೊದಲು ಇಷ್ಟು ಮಾಡಿ

ನಾನು ಮಾಲ್ಡೀವ್ಸ್‌ನಲ್ಲಿ ಇಂಗ್ಲಿಷ್ ಕಲಿಸಿ ಕಲಬುರಗಿಗೆ ವಾಪಸ್ ಬಂದವಳು. ಬಿ.ಎಡ್ ಗೆಳತಿಯರು ಈಗಲೂ ಕೇಳುವುದು ಒಂದೇ, 'ಕಲಿಸೋದು ಕಷ್ಟ ಆಯ್ತೇನು?' ಕಲಿಸುವುದೇನೂ ಕಷ್ಟವಾಗಲಿಲ್ಲ. ಸಂಜೆ ನಾಲ್ಕರ ನಂತರ ಏನು ಮಾಡುವುದು ಅನ್ನುವುದೇ ಕಷ್ಟವಾಗಿತ್ತು. ಇಪ್ಪತ್ತು ನಿಮಿಷ ನಡೆದರೆ ದ್ವೀಪವೇ ಮುಗಿಯುತ್ತಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಬಜಾರಿನ ಗದ್ದಲದಲ್ಲಿ ಬೆಳೆದವಳಿಗೆ ಅದು ಜೀರ್ಣವಾಗಲು ತಿಂಗಳುಗಳೇ ಬೇಕಾದವು. ಅವ್ವ ಮೊದಲೇ ಹೇಳಿದ್ದಳು, 'ಸುತ್ತಾ ನೀರು ಅಂತಿ, ನಡಕ ಹೆಂಗಿರ್ತಿಯವ್ವಾ?'

ಹೇಗಿರುವುದು ಅಂತ ಹೇಳುತ್ತೇನೆ. ಆದರೆ ಮೊದಲು ಕಾಗದದ ಕೆಲಸ.

ಹೆಸರು, ಊರು, ಲ್ಯಾಮಿನೇಷನ್

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಬಿ.ಎಡ್, ಪಾಸ್‌ಪೋರ್ಟ್ ನಾಲ್ಕನ್ನೂ ಮಂಚದ ಮೇಲೆ ಸಾಲಾಗಿ ಇಟ್ಟು ನೋಡಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಬಿಡಿಸಿ ಬಂದಿರುತ್ತದೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಒಳ್ಳೆಯದೇ ಆಯಿತು, ಅಂಕಪಟ್ಟಿಗೆ ಹೊಂದುವಂತೆ ಮಾಡಿಸಿ. ಈಗಾಗಲೇ ಬೇರೆ ಬೇರೆ ಇದ್ದರೆ ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿಕೊಳ್ಳಿ.

ಊರಿನ ಹೆಸರೂ ಕಾಡುತ್ತದೆ. ಗುಲ್ಬರ್ಗ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ವಿಶ್ವವಿದ್ಯಾಲಯ ಮಾತ್ರ ಈಗಲೂ ಗುಲ್ಬರ್ಗ ವಿಶ್ವವಿದ್ಯಾಲಯವೇ. ನನ್ನ ಡಿಗ್ರಿಯಲ್ಲಿ ಗುಲ್ಬರ್ಗ, ವಿಳಾಸದಲ್ಲಿ ಕಲಬುರಗಿ. ಇವೆರಡೂ ಒಂದೇ ಊರಾ ಎಂದು ಶಾಲೆಯವರು ಮೇಲ್ ಮಾಡಿ ಕೇಳಿದ್ದರು. ಅರ್ಜಿಯ ಜೊತೆಗೇ ಎರಡು ಸಾಲಿನ ವಿವರಣೆ ಇಟ್ಟರೆ ಒಂದು ವಾರ ಉಳಿಯುತ್ತದೆ.

ಇನ್ನು ಲ್ಯಾಮಿನೇಷನ್. ನಮ್ಮ ಅಪ್ಪ ಪ್ರೀತಿಯಿಂದ ಎಲ್ಲ ಸರ್ಟಿಫಿಕೇಟ್‌ಗಳಿಗೂ ಪ್ಲಾಸ್ಟಿಕ್ ಹಾಕಿಸಿದ್ದರು. ಸರ್ಟಿಫಿಕೇಟ್ ಅಸಲಿ ಎಂದು ಸರ್ಕಾರ ಹಾಕುವ ದೃಢೀಕರಣದ ಸೀಲು, ಸ್ಟಿಕ್ಕರ್ ಬೀಳುವುದು ಮೂಲ ಪ್ರತಿಯ ಹಿಂಬದಿಯಲ್ಲಿ. ಪ್ಲಾಸ್ಟಿಕ್ ಮೇಲೆ ಅದು ಆಗುವುದಿಲ್ಲ. ಅದನ್ನು ಬಿಡಿಸುವಾಗ ನನ್ನ ಬಿ.ಎಡ್ ಸರ್ಟಿಫಿಕೇಟಿನ ಒಂದು ಮೂಲೆಯೇ ಕಿತ್ತು ಬಂತು. ಇನ್ನೂ ಹಾಕಿಸಿಲ್ಲವಾದರೆ ದಯವಿಟ್ಟು ಹಾಕಿಸಬೇಡಿ. ಮೊದಲು ರಾಜ್ಯದ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಇಲಾಖೆಯದು. ಇಲಾಖೆಯವರು ಕಾಗದವನ್ನು ನಮ್ಮ ಕೈಯಿಂದ ನೇರವಾಗಿ ತೆಗೆದುಕೊಳ್ಳುವುದಿಲ್ಲ, ತಾವು ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ಅಪಾಸ್ಟಿಲ್ (ಹೊರದೇಶಗಳಿಗಾಗಿ ವಿದೇಶಾಂಗ ಇಲಾಖೆ ಹಾಕುವ ಒಂದು ಬಗೆಯ ದೃಢೀಕರಣ) ಸಾಕಾ, ಎಂಬೆಸಿಯ ಸೀಲೂ ಬೇಕಾ ಎಂದು ಶಾಲೆಯವರಿಂದಲೇ ಬರೆಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಕಚೇರಿಯಲ್ಲೇ ಅರ್ಜಿ ಹಾಕಬೇಕು.

ಏಜೆಂಟ್ ಮತ್ತು ಆಫರ್ ಲೆಟರ್

ಏಜೆಂಟ್ ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನನ್ನ ಹತ್ತಿರ ಒಬ್ಬರು ಒಂದೂವರೆ ಲಕ್ಷ ಕೇಳಿದ್ದರು, ಅದೂ ರಸೀದಿ ಇಲ್ಲದೆ. 'ಟೂರಿಸ್ಟ್ ಆಗಿ ಹೋಗ್ರಿ, ಅಲ್ಲಿ ಹೋದ ಮ್ಯಾಲ ಮಾಡ್ಕೊಳ್ಳೋಣ' ಅಂತ ಬೇರೆ. ಈ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ಪ್ರವಾಸಿಯಾಗಿ ಹೋದವರು ಅಲ್ಲಿ ಕೆಲಸ ಮಾಡುವಂತಿಲ್ಲ. ವರ್ಕ್ ಪರ್ಮಿಟ್ ಮಂಜೂರಾದ ಪತ್ರ ಕೈಗೆ ಬರುವವರೆಗೂ ಟಿಕೆಟ್ ತೆಗೆಸಬೇಡಿ.

ಆಫರ್ ಲೆಟರ್‌ನಲ್ಲಿ ಸಂಬಳ ಡಾಲರ್‌ನಲ್ಲೋ ಅಲ್ಲಿಯ ನಾಣ್ಯ ರುಫಿಯಾದಲ್ಲೋ ನೋಡಿ. ಅಲ್ಲಿಯ ಅಧಿಕೃತ ದರ ಡಾಲರ್‌ಗೆ ಸುಮಾರು 15.42 ರುಫಿಯಾ. ರುಫಿಯಾದಲ್ಲಿ ಸಂಬಳ ಬಂದರೆ ಊರಿಗೆ ಹಣ ಕಳಿಸಲು ಡಾಲರ್ ಹೊಂದಿಸಬೇಕಾಗುತ್ತದೆ, ಅದು ಯಾವಾಗಲೂ ಸಲೀಸಲ್ಲ. ಭಾರತೀಯ ಸ್ಟೇಟ್ ಬ್ಯಾಂಕ್ 1974ರಿಂದ ಅಲ್ಲಿಯ ರಾಜಧಾನಿ ಮಾಲೆಯಲ್ಲಿದೆ, ಹೇಗೆ ಕಳಿಸುವುದು ಎಂದು ಅವರನ್ನೇ ಕೇಳಿ. ಮನೆ ಬಾಡಿಗೆ ಯಾರದು, ರಜೆಯಲ್ಲಿ ಊರಿಗೆ ಬರುವ ಟಿಕೆಟ್ ಯಾರದು, ಇವೂ ಲೆಟರ್‌ನಲ್ಲೇ ಇರಲಿ. ಫೋನಿನ ಮಾತು ನಂಬಬೇಡಿ.

ಚೀಲ ಕಟ್ಟುವಾಗ

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬೇಳೆ ತಗೊಂಡು ಹೋಗಿ. ರೊಟ್ಟಿಯನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲೇ ಇಡಿ. ನಮ್ಮ ಬಿಸಿಲಿಗೆ ತಿಂಗಳುಗಟ್ಟಲೆ ಖಡಕ್ ಆಗಿರುವ ರೊಟ್ಟಿ ಸಮುದ್ರದ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಚಾರ್ಜರ್‌ಗೆ ಚೌಕ ಕಾಲಿನ ಮೂರು ಪಿನ್ ಅಡಾಪ್ಟರ್ ಬೇಕು. ಮದ್ಯ, ಹಂದಿಮಾಂಸ, ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ದೇವರ ಮೂರ್ತಿಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಏರ್‌ಪೋರ್ಟ್‌ನಲ್ಲಿ ಕೊಟ್ಟು ಬರುವ ಸಂಕಟ ಬೇಡ.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನ. ಹೊರಡುವ ಮೊದಲಿನ 96 ಗಂಟೆಯೊಳಗೆ ಮಾಲ್ಡೀವ್ಸ್ ಸರ್ಕಾರದ ಇಮುಗಾ ಎಂಬ ಆನ್‌ಲೈನ್ ಫಾರ್ಮ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ಇಳಿದ ಮೇಲೆ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ.

ತರಗತಿಯಲ್ಲಿ

ಶಾಲೆ ಭಾನುವಾರ ಶುರು. ಶುಕ್ರವಾರ, ಶನಿವಾರ ರಜೆ. ಮೊದಲ ಭಾನುವಾರ ನಾನು ನಿದ್ದೆಗಣ್ಣಲ್ಲೇ ಓಡಿದೆ.

ಅಲ್ಲಿಯವರ ದಿವೆಹಿ ಭಾಷೆಯ ತಾನಾ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಒಂದೇ ಮಗುವಿನ ಚೀಲದಲ್ಲಿ ಎರಡು ನೋಟ್‌ಬುಕ್, ಒಂದು ಈ ಕಡೆಯಿಂದ ತೆರೆಯುತ್ತದೆ, ಇನ್ನೊಂದು ಆ ಕಡೆಯಿಂದ. ಚಿಕ್ಕ ಮಕ್ಕಳು ಇಂಗ್ಲಿಷ್ ಪುಸ್ತಕವನ್ನು ಹಿಂದಿನಿಂದ ಶುರು ಮಾಡಿದರೆ ಬೈಯಬೇಡಿ.

ಹೈಸ್ಕೂಲಿನವರು ಬರೆಯುವುದು ಕೇಂಬ್ರಿಜ್‌ನ ಐಜಿಸಿಎಸ್‌ಇ ಪರೀಕ್ಷೆ. ನಮ್ಮಂತೆ ಪಾಠದ ಪ್ರಶ್ನೋತ್ತರ ಬರೆಸಿ ಬಾಯಿಪಾಠ ಮಾಡಿಸಿದರೆ ಅಲ್ಲಿ ಒಂದು ಅಂಕವೂ ಹುಟ್ಟುವುದಿಲ್ಲ. ಎಂದೂ ಓದದ ಗದ್ಯ ಕೊಡುತ್ತಾರೆ, ಆಡಿಯೋ ಕೇಳಿಸಿ ಉತ್ತರ ಕೇಳುತ್ತಾರೆ. ಊರಲ್ಲಿರುವಾಗಲೇ ಹಳೆಯ ಪ್ರಶ್ನೆಪತ್ರಿಕೆ ನಾಲ್ಕೈದು ಇಳಿಸಿಕೊಂಡು ನೀವೇ ಬರೆದು ನೋಡಿ. ನನಗೆ ಮೊದಲ ಸಲ ಬೆವರು ಇಳಿದಿತ್ತು.

ಇನ್ನು ಸಂಜೆ

ಭಾಷೆಯಿಂದ ಶುರು ಮಾಡಿ. 'ಶುಕುರಿಯ್ಯಾ' ಅಂದರೆ ಥ್ಯಾಂಕ್ಸ್. 'ಕಿಹಿನೇ' ಅಂದರೆ ಹೇಗಿದ್ದೀರಿ. ದಿವೆಹಿ ನಮಗೆ ತೀರಾ ಪರಕೀಯವೂ ಅಲ್ಲ. ಅವರ ದೋಣಿಯೂ ದೋಣಿಯೇ. ಸಕ್ಕರೆಗೆ ಹಕುರು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾದ ಹಾಗೆ ಅಲ್ಲಿಯ ಹಳೆಯ 'ಪ' ಜಾರಿ 'ಫ' ಆಗಿದೆ, ಪಾನೀಯದ ಸಂಬಂಧಿ ಫೆನ್, ಅಂದರೆ ನೀರು. ಪಕ್ಕದ ಮನೆಯ ಅಜ್ಜಿಗೆ ಇದನ್ನು ಕೈಸನ್ನೆಯಲ್ಲಿ ವಿವರಿಸಲು ಹೋಗಿ ಮೂರು ಲೋಟ ನೀರು ಕುಡಿದಿದ್ದೇನೆ.

ಊಟಕ್ಕೆ ರೋಶಿ ಇದೆ, ನಮ್ಮ ಚಪಾತಿಯ ತಂಗಿ. ಬೆಳಗ್ಗೆ ಅದರ ಜೊತೆ ಮಸ್ ಹುನಿ ತಿನ್ನುತ್ತಾರೆ: ಟ್ಯೂನಾ ಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆ ಕಲಸಿದ್ದು. ಮೀನು ತಿನ್ನದವರು ಮೊದಲೇ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ನೀರನ್ನೂ ಕುಡಿಯಬೇಡಿ.

ಮನೆಗಳ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳಿರುತ್ತವೆ. ಅದರ ಹೆಸರು ಜೋಲಿ. ನಮ್ಮ ಓಣಿಯ ಕಟ್ಟೆ ಅಂದುಕೊಳ್ಳಿ. ಮೊದಲ ಎರಡು ತಿಂಗಳು ನಾನು ಕೋಣೆಯಲ್ಲಿ ಕೂತು ಫೋನ್ ನೋಡುತ್ತಾ, ಊರಿಗೆ ಯಾವಾಗ ಹೋಗುವುದೋ ಅಂತ ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಒಬ್ಬ ವಿದ್ಯಾರ್ಥಿಯ ತಾಯಿ ಕರೆದು ಜೋಲಿಯಲ್ಲಿ ಕೂರಿಸಿದರು. ಸುಮ್ನೆ ಕೂತೆವು. ಮರುದಿನ ನಾನೇ ಹೋದೆ.

ಅವರೇ ನನ್ನನ್ನು ಬಶಿ ಆಡಲು ಕರೆದುಕೊಂಡು ಹೋಗಿದ್ದು. ಹೆಂಗಸರ ಆಟ ಅದು. ಒಬ್ಬಳು ಬೆನ್ನು ತಿರುಗಿಸಿ ನಿಂತು ಟೆನಿಸ್ ರಾಕೆಟ್‌ನಿಂದ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಹೊಡೆಯುತ್ತಾಳೆ, ಬಲೆಯ ಆಚೆಯವರು ಬರಿಗೈಯಲ್ಲಿ ಹಿಡಿಯಬೇಕು. ನಾನು ಹಿಡಿಯಲು ಹೋದ ಮೊದಲ ಚೆಂಡಿಗೇ ಬೆರಳು ಉಳುಕಿತು. ಮರುದಿನ ಬೋರ್ಡ್ ಮೇಲೆ ಎಡಗೈಯಲ್ಲಿ ಬರೆಯುತ್ತಿದ್ದರೆ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಎಲ್ಲರ ಮನೆಯಲ್ಲೂ ಆ ಸುದ್ದಿ ರಾತ್ರಿಯೇ ಆಗಿಹೋಗಿತ್ತು.