ಮನೆ ಉದ್ಯಮಕ್ಕೆ ಮೊದಲು ಮನಸ್ಸಿನಲ್ಲಿ ತಾಲೀಮು

ಮನೆಯಲ್ಲೇ ಏನಾದರೂ ಸಣ್ಣ ಉದ್ಯಮ ಶುರು ಮಾಡಬೇಕು ಎಂದು ಹೊರಟವರಿಗೆ ಸಿಗುವ ಮೊದಲ ಸಲಹೆ ಹೆಚ್ಚಾಗಿ ಇದೇ: ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು, ತಿಂಗಳಿಗೆ ಐವತ್ತು ಸಾವಿರ ಬರುತ್ತಿದೆ ಎಂದು ಕಲ್ಪಿಸಿಕೊಳ್ಳಿ, ಬಂದೇ ಬರುತ್ತದೆ. ಈ ಸಲಹೆಯ ಅರ್ಧ ಭಾಗ ಸರಿ. ಕಲ್ಪನೆಗೆ ನಿಜವಾಗಿಯೂ ಶಕ್ತಿ ಇದೆ. ಆದರೆ ಏನನ್ನು ಕಲ್ಪಿಸಿಕೊಳ್ಳಬೇಕು ಎಂಬಲ್ಲಿ ಸಲಹೆ ದಾರಿ ತಪ್ಪುತ್ತದೆ.

ಅಮೆರಿಕದ ಮನೋವಿಜ್ಞಾನಿಗಳಾದ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಪರೀಕ್ಷೆಗೆ ಕೂರಲಿದ್ದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಒಂದು ಗುಂಪು ಒಳ್ಳೆಯ ಅಂಕ ಬಂದಂತೆ ದಿನಾ ಕೆಲವು ನಿಮಿಷ ಕಲ್ಪಿಸಿಕೊಂಡಿತು. ಇನ್ನೊಂದು ಗುಂಪು ತಾನು ಎಲ್ಲಿ ಕೂತು, ಯಾವಾಗ, ಹೇಗೆ ಓದುತ್ತೇನೆ ಎಂಬುದನ್ನು ಕಲ್ಪಿಸಿಕೊಂಡಿತು. ಓದುವುದನ್ನು ಕಲ್ಪಿಸಿಕೊಂಡವರು ಬೇಗ ಓದಲು ಶುರು ಮಾಡಿದರು, ಅವರಿಗೇ ಹೆಚ್ಚು ಅಂಕವೂ ಬಂತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗೇಬ್ರಿಯೆಲ್ ಓಟಿಂಗನ್ ಮತ್ತು ಹೀದರ್ ಕಪ್ಪೆಸ್ 2011ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಎಲ್ಲವೂ ಸುಸೂತ್ರವಾಗಿ ಆಗಿಬಿಟ್ಟ ಭವಿಷ್ಯವನ್ನು ಕಲ್ಪಿಸಿಕೊಂಡವರ ರಕ್ತದೊತ್ತಡ ಇಳಿಯುತ್ತದೆ, ಮೈಗೆ ಹುಮ್ಮಸ್ಸಿನ ಬದಲು ವಿರಾಮದ ಸ್ಥಿತಿ ಬರುತ್ತದೆ. ಅಂದರೆ ಗುರಿ ಮುಟ್ಟಿದಂತೆ ಕನಸು ಕಂಡಾಗ, ಇನ್ನು ಓಡುವ ಅಗತ್ಯವಿಲ್ಲ ಎಂದು ದೇಹವೇ ತೀರ್ಮಾನಿಸಿಬಿಡುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಒಂದು ನಿಜವಾದ ಕೆಲಸವನ್ನೇ ಹಿಡಿದು ನೋಡೋಣ. ಹುಬ್ಬಳ್ಳಿ-ಧಾರವಾಡ ಕಡೆ ಮನೆಮನೆಯಲ್ಲಿ ಮಾಡುವ ಶೇಂಗಾ ಚಟ್ನಿಪುಡಿಯನ್ನು ಪ್ಯಾಕೆಟ್ ಮಾಡಿ ಮಾರುವುದು ಉದಾಹರಣೆಗಿರಲಿ. ಹೊಲಿಗೆ, ಟ್ಯೂಷನ್, ಕೇಕ್, ಯಾವುದಕ್ಕಾದರೂ ಇದೇ ಕ್ರಮ ಹೊಂದುತ್ತದೆ.

ಬಯಕೆಗೆ ಅಳತೆ ಕೊಡಿ

‘ದೊಡ್ಡ ಉದ್ಯಮಿ ಆಗಬೇಕು’ ಎಂಬುದನ್ನು ಮನಸ್ಸಿನಲ್ಲಿ ನೋಡಲು ಬರುವುದಿಲ್ಲ. ‘ಇಂದಿನಿಂದ ಎಂಟು ವಾರದೊಳಗೆ, ವಾರಕ್ಕೆ 250 ಗ್ರಾಮಿನ 20 ಪ್ಯಾಕೆಟ್ ನಗದಿಗೆ ಮಾರುತ್ತಿರಬೇಕು’ ಎಂಬುದನ್ನು ನೋಡಬಹುದು. 20 ಪ್ಯಾಕೆಟ್ ಎಂದರೆ 5 ಕಿಲೋ ಪುಡಿ. ಒಬ್ಬರು ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ. ಸಿಕ್ಕರೆ ಎಷ್ಟು ಸಂತೋಷವಾಗುತ್ತದೆ ಎಂದು ಒಂದು ನಿಮಿಷ ಯೋಚಿಸಿ. ಫಲದ ಕನಸಿಗೆ ಅಷ್ಟು ಹೊತ್ತು ಸಾಕು.

ಕೆಲಸದ ದಿನವನ್ನು ಕಾಣಿ

ಇಡೀ ಕ್ರಮದ ಜೀವ ಇರುವುದು ಇಲ್ಲಿ. ಮಲಗುವ ಮುಂಚೆ ಅಥವಾ ಬೆಳಗಿನ ಚಹಾದ ನಂತರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಪಕ್ಕದಲ್ಲಿ ಪೆನ್ನು, ನೋಟ್‌ಬುಕ್ ಇರಲಿ. ಕಣ್ಣು ಮುಚ್ಚಿ, ಚಟ್ನಿಪುಡಿ ಮಾಡುವ ದಿನವನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮ ಕಣ್ಣಿನಿಂದಲೇ ನೋಡಿ. ಸಿನಿಮಾದಲ್ಲಿ ನಿಮ್ಮನ್ನು ನೀವೇ ನೋಡಿದಂತೆ ಅಲ್ಲ. ನಿಮ್ಮ ಕೈ, ನಿಮ್ಮ ಒಲೆ, ನಿಮ್ಮ ಡಬ್ಬಿಗಳು ಕಾಣಬೇಕು.

ನಾಲ್ಕೂವರೆ ಕಿಲೋ ಶೇಂಗಾ ಸುರಿದುಕೊಂಡಿದ್ದೀರಿ. ಮೊದಲು ಆರಿಸಬೇಕು. ಮುರುಟಿದ, ಬಣ್ಣಗೆಟ್ಟ, ಬೂಸ್ಟು ಹಿಡಿದ ಕಾಳು ಒಂದೂ ಉಳಿಯಬಾರದು. ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಆಮೇಲೆ ಕಬ್ಬಿಣದ ಬಾಣಲೆಯಲ್ಲಿ ಒಂದೊಂದೇ ಕಿಲೋ ಹಾಕಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಂದು ಸಲಕ್ಕೆ 15ರಿಂದ 20 ನಿಮಿಷ. ಐದು ಸಲ ಹುರಿಯಬೇಕಾದ್ದರಿಂದ ಒಂದೂವರೆ ಗಂಟೆ ಒಲೆಯ ಮುಂದೆ ನಿಲ್ಲಬೇಕು. ಆ ಹೊತ್ತಿಗೆ ಮನೆಯ ಅಡುಗೆ ಯಾವ ಒಲೆಯ ಮೇಲೆ? ಈ ಪ್ರಶ್ನೆ ಕಲ್ಪನೆಯಲ್ಲೇ ಎದ್ದರೆ ಒಳ್ಳೆಯದು, ಅಂದು ಬೆಳಿಗ್ಗೆ ಏಳಬಾರದು.

ಕಾಳು ಪೂರ್ತಿ ಆರಿದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯುವುದು. ನಾಲ್ಕೂವರೆ ಕಿಲೋ ಈಗ ನಾಲ್ಕು ಕಿಲೋ ಆಸುಪಾಸಿಗೆ ಇಳಿದಿರುತ್ತದೆ. ಬಳ್ಳೊಳ್ಳಿ, ಖಾರದ ಪುಡಿ, ಜೀರಿಗೆ, ಉಪ್ಪು, ಚೂರು ಬೆಲ್ಲ ಸೇರಿ ಇನ್ನೊಂದು ಕಿಲೋ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಅದರ ಜೊತೆ ಗುಂಟೂರು. ಬಳ್ಳೊಳ್ಳಿಯ ಹಸಿ ನೀರು ಪುಡಿ ಬೇಗ ಕೆಡುವುದಕ್ಕೆ ಒಂದು ಕಾರಣ, ಆದ್ದರಿಂದ ಅದನ್ನು ಹೆಚ್ಚಿ ಒಣ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಹುರಿಯಬೇಕು.

ಈಗ ಮಿಕ್ಸಿ. ಒಂದೇ ಸಮ ತಿರುಗಿಸಿದರೆ ಜಾರ್ ಬಿಸಿಯಾಗಿ ಶೇಂಗಾ ಎಣ್ಣೆ ಬಿಡುತ್ತದೆ, ಪುಡಿ ಮುದ್ದೆಯಾಗುತ್ತದೆ. ಬಿಟ್ಟು ಬಿಟ್ಟು ತಿರುಗಿಸಬೇಕು. ಸಲಕ್ಕೆ 250 ಗ್ರಾಂ ಹಿಡಿಯುವ ಜಾರ್ ಆದರೆ ಇಪ್ಪತ್ತು ಸಲ. ರುಬ್ಬಿದ ಪುಡಿಯನ್ನು ಅಗಲ ತಾಟಿನಲ್ಲಿ ಹರವಿ ತಣಿಯಲು ಬಿಡಬೇಕು. ಬೆಚ್ಚಗಿರುವಾಗಲೇ ಪ್ಯಾಕೆಟ್‌ಗೆ ತುಂಬಿದರೆ ಒಳಗೆ ಬೆವರು ಕಟ್ಟಿ ಬೂಸ್ಟು ಬರುತ್ತದೆ. ತುಂಬುವಾಗ ಪ್ಯಾಕೆಟ್‌ನ ಬಾಯಿಯ ಅಂಚಿಗೆ ಪುಡಿ ಅಂಟಿದರೆ ಪ್ಯಾಕೆಟ್ ಮುಚ್ಚುವ ಸೀಲರ್ ಯಂತ್ರವನ್ನು ಎಷ್ಟೇ ಒತ್ತಿದರೂ ಬಾಯಿ ಕೂಡುವುದಿಲ್ಲ. ಅಗಲ ಕೊಳವೆಯ ಲಾಳಿಕೆ ಬೇಕು, ಅಂಚು ಒರೆಸಲು ಒಣ ಬಟ್ಟೆ ಬೇಕು.

ಹೀಗೆ ನೋಡುತ್ತಾ ಹೋದಾಗ ಕೆಲವು ಕಡೆ ಚಿತ್ರ ಸ್ಪಷ್ಟವಾಗಿರುತ್ತದೆ, ಕೆಲವು ಕಡೆ ಮಸುಕಾಗುತ್ತದೆ. ‘ಆಮೇಲೆ ಪ್ಯಾಕ್ ಮಾಡಿ ಅಂಗಡಿಗೆ ಕೊಡುವುದು’ ಎಂದು ಮನಸ್ಸು ಒಂದೇ ಜಿಗಿತಕ್ಕೆ ದಾಟಿಬಿಡುವ ಜಾಗವೇ ನಿಮಗೆ ಇನ್ನೂ ಗೊತ್ತಿಲ್ಲದ ಜಾಗ. ಕಣ್ಣು ತೆರೆದ ಕೂಡಲೇ ಅದನ್ನು ಪ್ರಶ್ನೆಯಾಗಿ ಬರೆಯಿರಿ: ಲೇಬಲ್ ಎಲ್ಲಿ ಮುದ್ರಿಸುತ್ತಾರೆ? ಕನಿಷ್ಠ ಎಷ್ಟು ಮುದ್ರಿಸಿಕೊಡುತ್ತಾರೆ? ಅಂಗಡಿಯವರು ದುಡ್ಡು ಯಾವಾಗ ಕೊಡುತ್ತಾರೆ? ಮೊದಲ ವಾರದ ಕೆಲಸವೆಂದರೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ತಿರುಗುವುದು. ಉತ್ತರ ಸಿಕ್ಕಂತೆ ಚಿತ್ರ ತಾನಾಗಿ ತಿಳಿಯಾಗುತ್ತದೆ.

ಕಣ್ಣು ಮುಚ್ಚಿದರೆ ಚಿತ್ರವೇ ಮೂಡದವರೂ ಇದ್ದಾರೆ. ಅದು ಕೊರತೆಯಲ್ಲ. ಅಂಥವರು ಇದೇ ದಿನವನ್ನು ಗಂಟೆಗಂಟೆಗೆ ಬರೆದರೂ ಆಯಿತು, ಮನೆಯವರ ಮುಂದೆ ಬಾಯಿಬಿಟ್ಟು ಹೇಳಿದರೂ ಆಯಿತು.

ಸಮಯ, ದುಡ್ಡು: ಕಲ್ಪನೆಗೆ ಕಡಿವಾಣ

ಒಳ್ಳೆಯ ಯೋಚನೆ ಮೋಸ ಮಾಡುವುದು ಹೆಚ್ಚಾಗಿ ಗಡಿಯಾರದಲ್ಲಿ. 1994ರಲ್ಲಿ ಪ್ರಕಟವಾದ, ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದಿದ್ದರು. ಆದದ್ದು 55 ದಿನಕ್ಕೂ ಹೆಚ್ಚು. ಅಂದಾಜಿನ ಒಂದೂವರೆ ಪಟ್ಟಿಗೂ ಹೆಚ್ಚು. ಆದ್ದರಿಂದ 5 ಕಿಲೋ ಪುಡಿಗೆ ‘ನಾಲ್ಕು ತಾಸು’ ಎಂದು ಮನಸ್ಸು ಹೇಳಿದರೆ ಆರೂವರೆ ತಾಸು ಎಂದು ಬರೆಯಿರಿ. ಬಿಡಿಸಿ ನೋಡಿದರೂ ಅಷ್ಟೇ ಬರುತ್ತದೆ: ಹುರಿಯಲು ಒಂದೂವರೆ, ಸಿಪ್ಪೆಗೆ ಒಂದು, ರುಬ್ಬಲು ಒಂದೂವರೆ, ತೂಕ-ಸೀಲ್-ಲೇಬಲ್‌ಗೆ ಒಂದೂವರೆ, ಪಾತ್ರೆ ಮತ್ತು ಅಡುಗೆಮನೆ ತೊಳೆಯಲು ಒಂದು.

ಇನ್ನು ದುಡ್ಡು. ಕೆಳಗಿನದು ಲೆಕ್ಕದ ಕ್ರಮಕ್ಕೆ ಮಾತ್ರ. ನಿಮ್ಮ ಊರಿನ ದರ ಹಾಕಿಕೊಳ್ಳಿ. 20 ಪ್ಯಾಕೆಟ್‌ಗೆ ಸಾಮಾನು 1,000 ರೂಪಾಯಿ. ಪ್ಯಾಕೆಟ್ ಮತ್ತು ಲೇಬಲ್ ಏಳು ರೂಪಾಯಿಯಂತೆ 140. ಗ್ಯಾಸು, ಕರೆಂಟು 80. ರುಚಿಗೆ ಕೊಟ್ಟದ್ದು, ಹಾಳಾದದ್ದು 60. ನಿಮ್ಮ ಕೂಲಿ ತಾಸಿಗೆ 80ರಂತೆ ಆರೂವರೆ ತಾಸಿಗೆ 520. ಒಟ್ಟು 1,800, ಪ್ಯಾಕೆಟ್‌ಗೆ 90 ಬಿತ್ತು. ‘ನೂರು ರೂಪಾಯಿಗೆ ಮಾರಿದರೆ ಹತ್ತು ಲಾಭ’ ಎಂದು ಮನಸ್ಸು ಖುಷಿಪಡುತ್ತದೆ. ಅಂಗಡಿಯವರು ನೂರಕ್ಕೆ 25 ಇಟ್ಟುಕೊಂಡರೆ ನಿಮ್ಮ ಕೈಗೆ 75, ಪ್ಯಾಕೆಟ್‌ಗೆ 15 ನಷ್ಟ. ದರ 130 ಇಟ್ಟರೆ ಕೈಗೆ 97.50 ಬರುತ್ತದೆ, ಏಳೂವರೆ ರೂಪಾಯಿ ಉಳಿಯುತ್ತದೆ. ಅದೇ ಪ್ಯಾಕೆಟ್ ಅಕ್ಕಪಕ್ಕದವರಿಗೆ ನೇರ ಮಾರಿದರೆ 40 ಉಳಿಯುತ್ತದೆ. ನಿಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಮನೆ ಉದ್ಯಮಗಳಲ್ಲಿ ಕಾಣುವ ಅತಿ ದೊಡ್ಡ ತಪ್ಪು. ಆರು ತಿಂಗಳಾದ ಮೇಲೆ ಮೈ ಸೋತಾಗ ಅದು ಗೊತ್ತಾಗುತ್ತದೆ.

ಲಾಭದ ಜೊತೆ ನಷ್ಟವನ್ನೂ ಒಮ್ಮೆ ಕಲ್ಪಿಸಿಕೊಳ್ಳಿ. ಉದ್ಯಮಶೀಲತೆಯ ಸಂಶೋಧಕಿ ಸರಸ್ ಸರಸ್ವತಿ, ಅನುಭವಿ ಉದ್ಯಮಿಗಳು ಎಷ್ಟು ಗಳಿಸುತ್ತೇವೆ ಎನ್ನುವುದಕ್ಕಿಂತ ಎಷ್ಟು ಹೋದರೆ ತಾಳಿಕೊಳ್ಳಬಲ್ಲೆವು ಎಂದು ಮೊದಲು ನಿರ್ಧರಿಸುತ್ತಾರೆ ಎಂದು ತೋರಿಸಿದ್ದಾರೆ. ಎಂಟು ವಾರಕ್ಕೆ ಆ ಮೊತ್ತ ಇಷ್ಟೇ ಎಂದು ಗುರಿಯ ವಾಕ್ಯದ ಕೆಳಗೇ ಬರೆದಿಡಿ. ಒಡವೆ ಅಡ ಇಡುವ ಯೋಚನೆ ಈ ಹಂತದಲ್ಲಿ ಬೇಡವೇ ಬೇಡ.

ಅಡ್ಡಿಯನ್ನು ಕಣ್ಣೆದುರು ನಿಲ್ಲಿಸಿ

ಓಟಿಂಗನ್ ಅವರ ವಿಧಾನದ ತಿರುಳು ಇದು: ಬಯಕೆಯನ್ನು ಕಂಡ ಕೂಡಲೇ ಅದಕ್ಕೆ ಅಡ್ಡ ಬರುವುದನ್ನೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಮೊದಲು ಬಯಕೆ, ನಂತರ ಅಡ್ಡಿ; ಈ ಅನುಕ್ರಮ ತಿರುಗಿಸಬಾರದು. ಅದರಲ್ಲೂ ಹೊರಗಿನ ಅಡ್ಡಿಗಿಂತ ನಿಮ್ಮೊಳಗಿನದನ್ನು ಹುಡುಕಿ. ‘ಮಾರ್ಕೆಟ್ ಸರಿಯಿಲ್ಲ’ ಎನ್ನುವುದು ಸುಲಭ. ‘ಉದ್ರಿ ಕೊಟ್ಟ ದುಡ್ಡು ಕೇಳಲು ನನಗೆ ಸಂಕೋಚ’, ‘ಗೊತ್ತಿಲ್ಲದ ಅಂಗಡಿಯ ಮೆಟ್ಟಿಲು ಹತ್ತಲು ಅಳುಕು’, ‘ಸಂಜೆ ಮೊಬೈಲ್ ಹಿಡಿದರೆ ಎರಡು ತಾಸು ಹೋಗುತ್ತದೆ’ ಎನ್ನುವುದು ಕಷ್ಟ, ಆದರೆ ನಿಮ್ಮ ಕೈಯಲ್ಲಿರುವುದು ಇವೇ.

ಪ್ರತಿ ಅಡ್ಡಿಗೂ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಒಂದು ವಾಕ್ಯ ಕಟ್ಟಿ. ಇದರ ಬಗ್ಗೆ ಹೆಚ್ಚು ಕೆಲಸ ಮಾಡಿದವರು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್. ಅವರು ಮತ್ತು ಪ್ಯಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿ, ಬರೀ ಸಂಕಲ್ಪಕ್ಕಿಂತ ಇಂಥ ವಾಕ್ಯ ಕಟ್ಟಿಕೊಂಡವರು ಗುರಿ ಮುಟ್ಟುವುದು ಗಣನೀಯವಾಗಿ ಹೆಚ್ಚು ಎಂದು ಕಂಡರು. ಆ ಗಳಿಗೆ ಬಂದಾಗ ಹೊಸದಾಗಿ ಯೋಚಿಸಬೇಕಾಗುವುದಿಲ್ಲ ಎಂಬುದೇ ಇದರ ಗುಟ್ಟು.

‘ಶನಿವಾರ ಸಂಜೆ ಐದಾಯಿತು ಎಂದರೆ, ಬಾಕಿ ಇರುವವರಿಗೆಲ್ಲ ಮೊತ್ತ ಬರೆದು ವಾಟ್ಸಾಪ್ ಕಳಿಸುತ್ತೇನೆ.’ ‘ರುಬ್ಬುವಾಗ ಕರೆಂಟ್ ಹೋದರೆ, ಲೇಬಲ್ ಅಂಟಿಸಲು ಕೂರುತ್ತೇನೆ, ಉಳಿದದ್ದು ಮರುದಿನ ಬೆಳಿಗ್ಗೆ ಆರಕ್ಕೆ.’ ‘ನೆಂಟರು ಸುಮ್ಮನೆ ಕೇಳಿದರೆ, 50 ಗ್ರಾಮಿನ ಸ್ಯಾಂಪಲ್ ಕೊಡುತ್ತೇನೆ, ದೊಡ್ಡ ಪ್ಯಾಕೆಟ್‌ಗೆ ದರ ಹೇಳುತ್ತೇನೆ.’ ‘ಅಂಗಡಿಯವರು ದರ ಇಳಿಸಿ ಅಂದರೆ, ನಗದಿಗೆ ಪ್ಯಾಕೆಟ್‌ಗೆ ಎರಡು ರೂಪಾಯಿ ಕಡಿಮೆ, ಉದ್ರಿಗೆ ಇದೇ ದರ ಎನ್ನುತ್ತೇನೆ.’ ಈ ಕೊನೆಯದಕ್ಕೆ ಉತ್ತರ ಸಿದ್ಧವಿಲ್ಲದಿದ್ದರೆ ‘ಹತ್ತಕ್ಕೆ ಒಂದು ಪುಕ್ಕಟೆ’ ಎಂದು ಬಾಯಿಂದ ಬಂದುಬಿಡುತ್ತದೆ. ಮೇಲಿನ 130ರ ದರದ ಲೆಕ್ಕದಲ್ಲಿ ಹಾಗೆ ಮಾಡಿದರೆ ಹನ್ನೊಂದು ಪ್ಯಾಕೆಟ್‌ಗೆ ಬರುವುದು 975, ತಗಲಿದ್ದು 990.

ಸಲಕ್ಕೆ ಮೂರು ವಾಕ್ಯ ಸಾಕು. ಹತ್ತು ಹದಿನೈದು ಬರೆದರೆ ಯಾವುದೂ ನೆನಪಿಗೆ ಬರುವುದಿಲ್ಲ.

‘ಬ್ಯಾಡ’ ಅಂದಾಗ

ಸಕಾರಾತ್ಮಕ ಯೋಚನೆಗೆ ನಿಜವಾದ ಕೆಲಸ ಇರುವುದು ಸೋಲಿನ ಮರುಗಳಿಗೆಯಲ್ಲಿ. ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಪೀಟರ್ ಶುಲ್ಮನ್ 1986ರಲ್ಲಿ ವಿಮಾ ಏಜೆಂಟರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಸೋಲನ್ನು ತಾತ್ಕಾಲಿಕವೆಂದು ವಿವರಿಸಿಕೊಳ್ಳುವ ಏಜೆಂಟರು ಮೊದಲ ಎರಡು ವರ್ಷದಲ್ಲಿ ಉಳಿದವರಿಗಿಂತ ಶೇ 37ರಷ್ಟು ಹೆಚ್ಚು ವಿಮೆ ಮಾರಿದ್ದರು.

ಅಂಗಡಿಯವರು ‘ಈ ಸಲ ಬ್ಯಾಡ್ರಿ ಅಕ್ಕಾರ, ಹೋದ ಸಲದ್ದ ಇನ್ನೂ ಉಳದಾವ’ ಅಂದರು ಎನ್ನಿ. ‘ನನ್ನ ಕೈಲಿ ವ್ಯಾಪಾರ ಆಗುವುದಿಲ್ಲ’ ಎಂದು ಮನೆಗೆ ಬಂದರೆ ಮುಂದಿನ ಅಂಗಡಿ ತಪ್ಪಿತು. ‘ಎಲ್ಲ ಒಳ್ಳೆಯದಕ್ಕೇ’ ಎಂದು ಸುಮ್ಮನಾದರೆ ಕಾರಣವೇ ತಪ್ಪಿತು. ಕೇಳಬೇಕಾದದ್ದು ಮೂರು: ಇದು ಈ ವಾರದ ಮಾತೋ, ಯಾವಾಗಲೂ ಹೀಗೆಯೋ? ಈ ಅಂಗಡಿಯೊಂದೇ, ಎಲ್ಲ ಅಂಗಡಿಯೋ? ಪುಡಿಯ ರುಚಿಯೋ, ದರವೋ, ಇಟ್ಟ ಜಾಗವೋ? ಉತ್ತರ ಊಹಿಸಬೇಡಿ, ಅವರನ್ನೇ ಕೇಳಿ: ‘ಗಿರಾಕಿ ಏನಂತಾರ್ರಿ?’ ಪ್ಯಾಕೆಟ್ ಹಿಂದಿನ ಸಾಲಿನಲ್ಲಿ ಮರೆಯಾಗಿದೆ ಎಂದು ಗೊತ್ತಾದರೆ ಅದಕ್ಕೆ ಮದ್ದು ಇದೆ.

ಕಾಗದಪತ್ರ

ಮನೆಯಲ್ಲಿ ಮಾಡಿದ್ದಾದರೂ ತಿನ್ನುವ ಪದಾರ್ಥ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು. ಅದರದೇ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಜೊತೆಗೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ವಿಳಾಸ, ಹಸಿರು ಸಸ್ಯಾಹಾರಿ ಗುರುತು, ಶೇಂಗಾ ಇದೆ ಎಂಬ ಅಲರ್ಜಿ ಸೂಚನೆ. ತಕ್ಕಡಿಗೆ ತೂಕ-ಅಳತೆ ಪರಿಶೀಲಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಪೂರ್ತಿ ಉಚಿತ, ದುಡ್ಡು ಕೇಳುವ ಮಧ್ಯವರ್ತಿ ಬೇಕಿಲ್ಲ.

ಭಾನುವಾರದ ಇಪ್ಪತ್ತು ನಿಮಿಷ

ವಾರಕ್ಕೊಮ್ಮೆ ನೋಟ್‌ಬುಕ್ ತೆರೆದು ಎಡಗಡೆ ಕಲ್ಪಿಸಿಕೊಂಡದ್ದು, ಬಲಗಡೆ ಆದದ್ದು ಬರೆಯಿರಿ: ತಾಸು, ಪ್ಯಾಕೆಟ್, ಕೈಗೆ ಬಂದ ನಗದು, ಬಾಕಿ. ಎರಡರ ಅಂತರ ಎಲ್ಲಿ ದೊಡ್ಡದಿದೆಯೋ ಮುಂದಿನ ವಾರದ ಹತ್ತು ನಿಮಿಷ ಆ ಭಾಗಕ್ಕೇ ಮೀಸಲು. ಬಾಕಿ ವಸೂಲಿಯಲ್ಲಿ ಅಂತರ ಇದ್ದರೆ, ಬಾಕಿ ಕೇಳುವ ಮಾತನ್ನೇ ಅಂಗಡಿಯ ಮುಂದೆ ನಿಂತಂತೆ ತಾಲೀಮು ಮಾಡಿ.

ಕೆಲವೊಮ್ಮೆ ಬಯಕೆ ಮತ್ತು ಅಡ್ಡಿಯನ್ನು ಎದುರುಬದುರು ನಿಲ್ಲಿಸಿದಾಗ ಹುಮ್ಮಸ್ಸು ಏರದೆ ಇಳಿಯುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದು ಆರೂವರೆ ತಾಸು ಒಟ್ಟಿಗೆ ಸಿಗುವುದೇ ಇಲ್ಲ ಎಂದು ಕಾಣಬಹುದು. ಆಗ ಮನಸ್ಸನ್ನು ಬಲವಂತವಾಗಿ ಹುರಿದುಂಬಿಸಬೇಡಿ. ಗುರಿಯ ವಾಕ್ಯವನ್ನು ತಿದ್ದಿ: 20 ಪ್ಯಾಕೆಟ್ ಬದಲು 8, ಒಂದೇ ದಿನದ ಬದಲು ಎರಡು ದಿನ, ಅಂಗಡಿಯ ಬದಲು ಗೊತ್ತಿರುವ ಮನೆಗಳಿಗೆ ಮಾತ್ರ. ಮೇಲಿನ ದರದಲ್ಲೇ 8 ಪ್ಯಾಕೆಟ್ ನೇರ ಮಾರಿದರೆ ಕೂಲಿ ಕಳೆದು 320 ರೂಪಾಯಿ ಉಳಿಯುತ್ತದೆ. 20 ಪ್ಯಾಕೆಟ್ ಅಂಗಡಿಗೆ ಕೊಟ್ಟರೆ ಉಳಿಯುವುದು 150.