ಫುಟ್ ಫೀಟ್ ಆದದ್ದು ಹೇಗೆ: ಇಂಗ್ಲಿಷಿನ ವಕ್ರ ಬಹುವಚನಗಳನ್ನು ಕಲಿಯುವ ದಾರಿ

ಕೊನೆಗೆ ಎಸ್ ಹಚ್ಚಿದರೆ ಬಹುವಚನ ಎಂಬ ನಿಯಮಕ್ಕೆ ಬಗ್ಗದ ಪದಗಳನ್ನು ಅಕಾರಾದಿಯಾಗಿ ಬಾಯಿಪಾಠ ಮಾಡಬೇಡಿ. ಪದ ಎಲ್ಲಿಂದ ಬಂತೆಂದು ನೋಡಿ ಗುಂಪು ಮಾಡಿಕೊಳ್ಳಿ.

ಮೊದಲು, ಒಳಗಿನ ಸ್ವರವೇ ಬದಲಾಗುವವು. ಸಮಾಸಗಳನ್ನು ಬಿಟ್ಟರೆ ಏಳೇ: ಫುಟ್, ಟೂತ್, ಗೂಸ್, ಮ್ಯಾನ್, ವುಮನ್, ಮೌಸ್, ಲೌಸ್. ಇಂಗ್ಲಿಷಿಗೂ ಹಿಂದಿನ ಜರ್ಮ್ಯಾನಿಕ್ ನುಡಿಯಲ್ಲಿ ಪಾದಕ್ಕೆ ‘ಫೋಟ್’ ಎಂದಿದ್ದರೆ ಪಾದಗಳಿಗೆ ‘ಫೋಟಿಜ್’ ಎಂಬಂಥ ರೂಪವಿತ್ತು. ಮುಂದೆ ಬರುವ ಇಕಾರಕ್ಕೆ ನಾಲಿಗೆ ಮೊದಲೇ ಅಣಿಯಾಗಿ, ಓಕಾರ ಏಕಾರದತ್ತ ಜಾರಿತು. ಆಮೇಲೆ ಇಕಾರ ಉದುರಿ ‘ಫೇಟ್’ ಉಳಿಯಿತು. ಸುಮಾರು 15ನೇ ಶತಮಾನದಿಂದ ದೀರ್ಘಸ್ವರಗಳೆಲ್ಲ ಪಲ್ಲಟವಾದಾಗ ಅದೇ ‘ಫೀಟ್’ ಆಯಿತು. (ಕನ್ನಡದಲ್ಲಿ ಕೆವಿ ಕಿವಿಯಾದದ್ದೂ ಮುಂದಿನ ಇಕಾರದ ಸೆಳೆತದಿಂದಲೇ.) ‘ವುಮನ್’ ಬಗ್ಗೆ ಎಚ್ಚರ: ಬರಹದಲ್ಲಿ ಎರಡನೇ ಸ್ವರವಷ್ಟೇ ಬದಲಾದರೂ ಉಚ್ಚಾರ ‘ವಿಮಿನ್’.

‘ಗೂಸ್’ ‘ಗೀಸ್’ ಆಯಿತಲ್ಲ ಎಂದು ಪ್ರಾಸ ನಂಬಿ ಹೋದರೆ ಕೆಟ್ಟಿರಿ. ‘ಮೂಸ್’ ಎಂಬ ಪ್ರಾಣಿಯ ಹೆಸರು ಉತ್ತರ ಅಮೆರಿಕದ ಅಲ್ಗಾಂಕ್ವಿಯನ್ ಭಾಷೆಗಳಿಂದ ಬಂದದ್ದು 17ನೇ ಶತಮಾನದಲ್ಲಿ. ಸ್ವರ ಜಾರುವ ಕಾಲ ಮುಗಿದು ಶತಮಾನಗಳೇ ಆಗಿದ್ದವು. ಹಾಗಾಗಿ ಬಹುವಚನದಲ್ಲೂ ಅದು ‘ಮೂಸ್’.

ಶೀಪ್, ಡಿಯರ್ ಬದಲಾಗದಿರಲು ಕಾರಣ ಹಳೆಯ ಇಂಗ್ಲಿಷಿನ ಲಿಂಗ. ಕೆಲವು ನಪುಂಸಕ ಪದಗಳಿಗೆ ಬಹುವಚನ ಪ್ರತ್ಯಯವೇ ಇರಲಿಲ್ಲ. ‘ಹೌಸ್’ ಕೂಡ ಅದೇ ಗುಂಪಿನದು, ಆದರೆ ಆಮೇಲೆ ಎಸ್ ಹಿಡಿಯಿತು.

ಎನ್ ಪ್ರತ್ಯಯದ ಹಳೆಯ ಗುಂಪಿನಲ್ಲಿ ಗಟ್ಟಿಯಾಗಿ ಉಳಿದದ್ದು ‘ಆಕ್ಸನ್’. ‘ಚಿಲ್ಡ್ರನ್’ ಇನ್ನೂ ಸ್ವಾರಸ್ಯ: ‘ಚಿಲ್ಡರ್’ ಎಂಬುದೇ ಬಹುವಚನವಾಗಿತ್ತು, ಅದರ ಮೇಲೆ ಎನ್ ಕೂತಿತು. ಮಕ್ಕಳು ಎಂಬರ್ಥದಲ್ಲಿ ‘ಚಿಲ್ಡ್ರನ್ಸ್’ ಎಂದರೆ ಮೂರನೇ ಪ್ರತ್ಯಯ ಹೇರಿದಂತೆ. ಮಕ್ಕಳ ಎಂಬ ಷಷ್ಠಿಯಲ್ಲಿ ಮಾತ್ರ, ಅಪಾಸ್ಟ್ರಫಿ ಹಾಕಿ, ಅದು ಸರಿ.

‘ನೈಫ್’ ‘ನೈವ್ಸ್’ ಆದದ್ದು ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ಎಫ್ ಧ್ವನಿ ವಿ ಆಗುತ್ತಿದ್ದುದರಿಂದ. ಫ್ರೆಂಚಿನಿಂದ ಬಂದ ಚೀಫ್, ಪ್ರೂಫ್‌ಗಳಿಗೆ ಎಸ್ ಸಾಕು. ‘ರೂಫ್’ ಅಚ್ಚ ಇಂಗ್ಲಿಷ್ ಪದವಾದರೂ ಶಿಷ್ಟ ಬರಹದಲ್ಲಿ ‘ರೂಫ್ಸ್’. ಇದನ್ನು ನೆನಪಿಡದೆ ವಿಧಿಯಿಲ್ಲ.

ಗ್ರೀಕ್, ಲ್ಯಾಟಿನ್ ಪದಗಳಲ್ಲೇ ತಪ್ಪು ಹೆಚ್ಚು. ‘ಕ್ರೈಟೀರಿಯಾ’, ‘ಫಿನಾಮಿನಾ’ ಬಹುವಚನಗಳು. ಒಂದೇ ಇದ್ದರೆ ‘ಕ್ರೈಟೀರಿಯನ್’, ‘ಫಿನಾಮಿನನ್’ ಎನ್ನಿ. ಅಸ್ ಎಂದು ಮುಗಿದದ್ದಕ್ಕೆಲ್ಲ ‘ಕ್ಯಾಕ್ಟೈ’ಯಂತೆ ಐಕಾರ ಹಚ್ಚಬೇಡಿ. ‘ಆಕ್ಟೊಪಸ್’ ಗ್ರೀಕ್ ಮೂಲದ್ದು. ‘ಆಕ್ಟೊಪೈ’ ನಿಘಂಟುಗಳಲ್ಲಿ ಸಿಕ್ಕರೂ ಲ್ಯಾಟಿನ್ ಎಂದು ಬಗೆದು ಕಟ್ಟಿದ ರೂಪ, ‘ಆಕ್ಟೊಪಸಸ್’ ಬರೆದರೆ ಯಾರ ತಕರಾರೂ ಇಲ್ಲ.